ಮೂಡಲಿಗೆ ಮುಖ ಮಾಡಿ ಕೂತ ಸಂಜೆ

ಹಾವು ಬರಬಹುದಿತ್ತು. ಗುಡ್ಡದಿಂದ ತೋಳ ಇಳಿಯಬಹುದಿತ್ತು. ರೈಲಿನ ಕೂಗಿಗೆ ಮಂದೆಯೆಲ್ಲ ಬೆದರಿ ಹೊಲದಂಚಿನ ಕಟ್ಟೆಯಿಲ್ಲದ ಬಾವಿಗೆ ಬೀಳಬಹುದಿತ್ತು. ಕುರಿ ಗುಮ್ಮಿ ನನ್ನ ಹಲ್ಲು ಮುರಿಯಬಹುದಿತ್ತು, ಮುರಿದ ಹಲ್ಲಿನವಳನ್ನು ಮುಂದೆ ಯಾರೂ ಮದುವೆಯಾಗದೆ ಇರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಮಡಿಲಲ್ಲಿದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತುಹೋಗಬಹುದಿತ್ತು. ಎಂಟೊಂಬತ್ತು ವರ್ಷದ ಹುಡುಗಿಗೆ ಇಷ್ಟು ಚಿಂತೆ ಎಲ್ಲಿಂದ ಬಂತೋ ಕಾಣೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಂಡಿನಿಂದ ಮನೆಗೆ ವಾಪಸು ಓಡುವ ನನ್ನ ಈಗಿನ ಗುಣಕ್ಕೆ ಬುನಾದಿ ಬಿದ್ದದ್ದು ಬಹುಶಃ ಅಲ್ಲೇ, ರಾಮಗಿರಿ ಗುಡ್ಡದ ಮೂಡಣ ಮಗ್ಗುಲಿನ ಹೊಲದಲ್ಲಿ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮಗೆ ಬೇಸಿಗೆ ರಜೆ ಎಂದರೆ ಅಜ್ಜನ ಕುರಿಗಳು. ಮಳೆ ಬೀಳುವ ಮುಂಚೆ ರೈತರು ಗೊಬ್ಬರಕ್ಕೆಂದು ರಾತ್ರಿ ಹೊತ್ತು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಮಂದೆ ತರುಬುವುದು ಎಂದು ಅದಕ್ಕೆ ಹೆಸರು. ಅಜ್ಜ ಕಂಬಳಿ ಹಾಸಿ ಅಲ್ಲೇ ಮಲಗುವನು. ಸಂಜೆ ಮುದ್ದೆ, ಹುರುಳಿಕಾಳಿನ ಸಾರು, ಹಸಿ ಈರುಳ್ಳಿಯ ಬುತ್ತಿ ತಲುಪಿಸಿ, ಕತ್ತಲಾದ ಮೇಲೆ ಚಿಕ್ಕಪ್ಪನ ಕೈ ಹಿಡಿದು ಊರಿಗೆ ಮರಳುವುದು ನನ್ನ ಪಾಲಿನ ಕೆಲಸ.

ಆ ವಾರ ಒಂದು ಕುರಿ ಈಯುವಾಗಲೇ ಸತ್ತು ಮರಿ ಉಳಿದಿತ್ತು. ಇನ್ನೊಂದರ ಮರಿ ಸತ್ತು ತಾಯಿ ಉಳಿದಿತ್ತು. ಕೂಡಿಸಿಬಿಟ್ಟರೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ ತಾಯಿ ಹಗಲಲ್ಲಿ ಮರಿಯನ್ನು ಹತ್ತಿರ ಬಿಟ್ಟಾಗಲೆಲ್ಲ ಗುಮ್ಮಿ ಉರುಳಿಸುತ್ತಿತ್ತು. ಹತ್ತಿಯ ಬತ್ತಿಯಲ್ಲಿ ನಾನು ಕುಡಿಸಿದ ಆಕಳ ಹಾಲು ಮರಿಗೆ ಒಗ್ಗಲಿಲ್ಲ. ಅದರ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಇವತ್ತು ಸಂಜೆ ಸೇರಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದಿದ್ದ ಅಜ್ಜ. ಬೆಳಕಿರುವತನಕ ಕುರಿ ಕಣ್ಣಲ್ಲಿ ನೋಡಿ ಬೇರೆಯವರ ಮರಿ ಎಂದು ದೂಡುತ್ತದೆ, ಕಣ್ಣು ಮಸುಕಾದ ಮೇಲೆ ಮೂಗು ಹೇಳಿದ್ದೇ ನಿಜ. ಹಾಗಂತ ಪೂರ್ತಿ ಕತ್ತಲಾದರೆ ಅದು ಗುಮ್ಮುವುದು ನಮಗೇ ಕಾಣುವುದಿಲ್ಲ.

ಅಜ್ಜ ಆ ಕುರಿಯ ಹಾಲು ಕರೆದು ನನ್ನ ಮಡಿಲಲ್ಲಿದ್ದ ಮರಿಯ ಬೆನ್ನು, ಬಾಲಕ್ಕೆಲ್ಲ ಧಾರಾಳವಾಗಿ ಸವರಿದ.

"ಇದ್ರ ಹಣೆ ಮ್ಯಾಲಿನ ಬಿಳಿ ಮಚ್ಚೆ ನೋಡ್ತಿರು. ಅದು ಕಾಣದಂಗಾದಾಗ ನಂಗೆ ಹೇಳು."

ಲಾಟೀನು ಹಚ್ಚಿಕೊಳ್ಳೋಣವೇ ಎಂದೆ. ನಮಗೆ ಕಂಡದ್ದು ಕುರಿಗೂ ಕಾಣುತ್ತದಲ್ಲವ್ವ ಎಂದ.

ಚಿಕ್ಕಪ್ಪ ಬೇಲಿಯ ಮುಳ್ಳು ಸರಿಪಡಿಸುತ್ತಾ ನಕ್ಕ. "ಇವ್ಳಿಗ್ಯಾಕೆ ಹೇಳ್ತೀಯಪ್ಪ? ಹೊತ್ತು ಇರಂಗೇ ಕತ್ಲಾತು ಅಂತಾಳೆ, ಪುಕ್ಲಿ."

"ಹೆದ್ರೋ ಹುಡುಗಿ, ಕಣ್ಣು ಮಿಟುಕಿಸದಂಗೆ ನೋಡ್ತಾಳೆ ಬಿಡಲೇ," ಎಂದ ಅಜ್ಜ. ನನ್ನ ಹೆದರಿಕೆಗೆ ಇಷ್ಟು ಮರ್ಯಾದೆ ಮತ್ತೆಂದೂ ಸಿಕ್ಕಿಲ್ಲ.

ನಾನು ಎಲ್ಲರಂತೆ ಹೊತ್ತು ಮುಳುಗುವ ಕಡೆಗೆ ಮುಖ ಮಾಡಿದ್ದೆ. ಅಜ್ಜ ಭುಜ ಹಿಡಿದು ತಿರುಗಿಸಿದ. "ಅತ್ಲಾಗೆ ಹೋಗೋದನ್ನ ಏನು ನೋಡ್ತೀಯ? ಬರೋದು ಇತ್ಲಾಗಿಂದ."

ಮೊದಲು ಬಂದದ್ದು ಗುಡ್ಡದ ನೆರಳು. ನಮ್ಮ ಕಾಲು ದಾಟಿ, ಬದು ಹತ್ತಿ, ಜಾಲಿ ಗಿಡಗಳ ನಡುವೆ ನುಸುಳಿ, ಕೆರೆಯಲ್ಲಿ ಉಳಿದಿದ್ದ ನೀರನ್ನು ಅರ್ಧ ತಾಮ್ರ, ಅರ್ಧ ಕಬ್ಬಿಣ ಮಾಡಿ ಮುಂದೆ ಹೋಯಿತು. ದೂರದಲ್ಲಿ ಚಿತ್ರದುರ್ಗದ ಕಡೆಯ ಗುಡ್ಡಗಳು ಮಾತ್ರ ಇನ್ನೂ ಬಿಸಿಲಲ್ಲಿದ್ದವು, ಆಗತಾನೆ ಸುಟ್ಟು ತೆಗೆದ ಇಟ್ಟಿಗೆಯ ಹಾಗೆ. ಆಮೇಲೆ ಅವುಗಳ ಬುಡದಲ್ಲಿ ಒಂದು ನೀಲಿ ಹುಟ್ಟಿ ಮೆಲ್ಲಗೆ ಏರತೊಡಗಿತು. ಕತ್ತಲು ಆಕಾಶದಿಂದ ಬೀಳುತ್ತದೆ ಎಂದುಕೊಂಡಿದ್ದೆ, ಅದು ನೆಲದಿಂದ ಏಳುತ್ತಿತ್ತು. ನೀಲಿ ಗುಡ್ಡ ತುಂಬಿ ತುಳುಕಿ ಆಕಾಶಕ್ಕೆ ಹತ್ತಿತು, ಅದರ ಮೇಲಂಚಿಗೆ ತೆಳ್ಳಗೆ ಗುಲಾಬಿ ಬಣ್ಣ. ಇತ್ತ ಕೆಂಪು ನೆಲ ಮೊದಲು ಬಣ್ಣ ಬಿಟ್ಟುಕೊಟ್ಟಿತು, ಹೊಂಗೆ ಮರದ ಹಸಿರು ಆಮೇಲೆ. ಮರ ಕಾಣದಾದ ಮೇಲೆ ಅದರ ಹೂವಿನ ವಾಸನೆ ಬಂತು. ಊರಿನ ದಾರಿ ಮಾತ್ರ ಬಹಳ ಹೊತ್ತು ಬೆಳ್ಳಗೆ ಉಳಿದಿತ್ತು. ಸ್ಟೇಷನ್ನಿನ ಕಡೆ ಸಿಗ್ನಲ್ ದೀಪವೊಂದು ಹತ್ತಿತು. ಅಷ್ಟು ಹೊತ್ತು ನಾನು ಯಾವ ಚಿಂತೆಯನ್ನೂ ಮಾಡಲಿಲ್ಲ. ನನ್ನ ಮಟ್ಟಿಗೆ ಅದು ಇವತ್ತಿಗೂ ದಾಖಲೆ.

ರೈಲು ಕೂಗಿತು. ನಾನು ಮರಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದೆ. ಕುರಿಗಳು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಕಣ್ಣು ಬಿಟ್ಟಾಗ ಹಣೆಯ ಮಚ್ಚೆ ಇರಲಿಲ್ಲ, ಮಡಿಲಲ್ಲಿ ಬೆಚ್ಚಗಿನ ಒಂದು ಕಪ್ಪು ಮಾತ್ರ.

"ಅಜ್ಜಾ, ಹೋತು."

ಖರೇನಾ ಎಂದು ಅವನು ಕೇಳಲಿಲ್ಲ. ಮರಿಯನ್ನೆತ್ತಿ ಕುರಿಯ ಹಿಂಗಾಲ ಬಳಿ ಬಿಟ್ಟ. ಕುರಿ ಕಾಲು ಅಪ್ಪಳಿಸಿತು. ತಲೆ ತಗ್ಗಿಸಿತು. ಗುಮ್ಮುತ್ತದೆ ಎಂದುಕೊಂಡೆ. ಅದು ಮೂಸಿತು, ಬೆನ್ನು, ಆಮೇಲೆ ಬಾಲ. ಮುಂದೆ ಏನಾಯಿತೋ ಕತ್ತಲಲ್ಲಿ ಕಾಣಲಿಲ್ಲ. ಅಜ್ಜ ಕೈ ಚಾಚಿ ತಡವಿದ.

"ಬಾಲ ಆಡಿಸ್ತೈತೆ," ಎಂದ. ಹಾಲು ಕುಡಿವ ಮರಿಯಷ್ಟೇ ಹಾಗೆ ಬಾಲ ಆಡಿಸುತ್ತದೆ ಎಂದು ಕುರಿಯವರ ಮನೆಯ ಹುಡುಗಿಗೆ ಹೇಳಿಕೊಡಬೇಕಿರಲಿಲ್ಲ.

ಈಗ ಅಲ್ಲಿಗೆ ಹೋದರೆ ಮೂಡಲ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಬೆಳಕಿರುವಾಗಲೇ ಮಿಣುಕತೊಡಗುತ್ತವೆ. ಊರಲ್ಲಿ ಕಂಬಕಂಬಕ್ಕೂ ದೀಪ. ಬೇಡವೆನ್ನಲಾರೆ, ಹಾವಿನ ಚಿಂತೆ ನನ್ನನ್ನಿನ್ನೂ ಬಿಟ್ಟಿಲ್ಲ. ಆದರೆ ಕತ್ತಲು ನಡೆದು ಬರುವುದನ್ನು ಕಂಡು ವರ್ಷಗಳಾದವು. ಈಗ ಕರೆಂಟು ಹೋದಾಗ ಅದು ಒಮ್ಮೆಲೇ ಮೇಲೆ ಬೀಳುತ್ತದೆ, ಎಲ್ಲರೂ ಬೈಯುತ್ತಾರೆ.

ಅಂದು ಹಾವು ಬರಲಿಲ್ಲ, ತೋಳ ಬರಲಿಲ್ಲ, ನನ್ನ ಹಲ್ಲೂ ಮುರಿಯಲಿಲ್ಲ. ಕೆಟ್ಟದ್ದು ಒಂದೇ. ಮರಿಗೆ ಸವರಿದ ಹಾಲು ನನ್ನ ಲಂಗಕ್ಕೂ ಮೆತ್ತಿಕೊಂಡಿತ್ತು. ಊರಿಗೆ ಹೊರಟವಳ ಹಿಂದೆ ಆ ಕುರಿ ಮರಿಯನ್ನೂ ಕರೆದುಕೊಂಡು ಬಂದು, ಮೂಸಿ, ಬಿಡಲೊಲ್ಲದೆ ಅರಚಿತು. "ಅವಳಿ ಈದೀನಿ ಅನ್ಕಂಡೈತೆ," ಎಂದ ಚಿಕ್ಕಪ್ಪ. ಕೊನೆಗೆ ಲಂಗವನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ, ಅಜ್ಜನ ಚುಚ್ಚುವ ಕಂಬಳಿಯನ್ನು ಕುತ್ತಿಗೆಯಿಂದ ಪಾದದವರೆಗೆ ಸುತ್ತಿಕೊಂಡು, ಊರ ನಡುಬೀದಿಯಲ್ಲೇ ಮನೆಗೆ ನಡೆದೆ. ಜಗಲಿಗಳ ತುಂಬ ಜನ ಕೂತು ಮಾತಾಡುತ್ತಿದ್ದರು. ಯಾರಿಗೂ ನಾನು ಕಾಣಲಿಲ್ಲ.