ಗೆರೆಯಣ್ಣನ ಗೋಡೆ

ನಮ್ಮ ಶಾಲೆಯ ಕಾರಿಡಾರಿನ ಗೋಡೆಗೆ ಎರಡು ಬಣ್ಣ. ದೊಡ್ಡ ಮಕ್ಕಳು ಕೈಯೆತ್ತಿದರೆ ತಾಗುವಷ್ಟು ಎತ್ತರಕ್ಕೆ ಗಾಢ ಹಸಿರು. ಅದರ ಮೇಲೆ ಕಣ್ಣಿಗೆ ತಂಪಾಗಿರಲೆಂದು ತಿಳಿ ಕೆನೆ. ಇವೆರಡೂ ಸೇರುವಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಕಂದು ಗೆರೆ. ಅದನ್ನು ಎಳೆಯುತ್ತಿದ್ದವನು ನಮ್ಮ ಎದುರುಮನೆಯ ಪೇಂಟರು. ಟೇಪು ಅಂಟಿಸದೆ, ದಾರ ಹಿಡಿಯದೆ, ಬರಿಗೈಯಲ್ಲಿ ಎಳೆಯುತ್ತಿದ್ದ. ಅದಕ್ಕೇ ಬೀದಿಗೆಲ್ಲ ಅವನು ಗೆರೆಯಣ್ಣ. ಹೆತ್ತವರಿಟ್ಟ ಹೆಸರನ್ನು ಅವನ ಹೆಂಡತಿಯೂ ಮರೆತಿರಬೇಕು. ಆಕೆ ಕರೆಯುವುದು 'ರೀ' ಎಂದಷ್ಟೇ.

ರಜೆಯಲ್ಲಿ ಉತ್ತರಪತ್ರಿಕೆ ತಿದ್ದಲು ಖಾಲಿ ಶಾಲೆಗೆ ಹೋದಾಗ ಅವನ ಕೆಲಸವನ್ನು ನಿಂತು ನೋಡುತ್ತಿದ್ದೆ. ಕುಂಚದ ತುದಿಯನ್ನು ಅವನು ನೋಡುತ್ತಿರಲಿಲ್ಲ. ಕಣ್ಣು ಯಾವಾಗಲೂ ಒಂದು ಮೊಳ ಮುಂದೆ. ಉಸಿರು ಬಿಗಿಹಿಡಿದು, ಅಡ್ಡಡ್ಡ ಹೆಜ್ಜೆಯಿಡುತ್ತ ಸಾಗುವನು.

"ಹೇಗಯ್ಯಾ, ನಿನ್ನ ಕೈ ನಡುಗೋದೇ ಇಲ್ವಲ್ಲ?" ಎಂದು ಕೇಳಿದರೆ, ಬಾಗಿಲ ಚೌಕಟ್ಟು ಬಂದು ಕುಂಚ ಎತ್ತಿದ ಮೇಲೆಯೇ ಉತ್ತರ.

"ಮೇಷ್ಟ್ರೇ, ಗೆರೆ ಎಳೆಯೋವಾಗ ಮಾತಾಡಿಸ್ಬೇಡಿ. ನಿಮಗೆ ಉತ್ತರ ಕೊಟ್ರೆ ಗೆರೆ ನಿಮ್ಮ ಕಡೆಗೇ ತಿರುಗುತ್ತೆ."

ಹಸಿ ಬಣ್ಣದ ವಾಸನೆ, ಅವನ ಚಪ್ಪಲಿಯ ಸರಪರ ಸದ್ದು, ಮಕ್ಕಳಿಲ್ಲದ ಕಾರಿಡಾರಿನ ಮೌನ. ನಿವೃತ್ತನಾದ ಮೇಲೆ ತರಗತಿಗಿಂತ ನನಗೆ ಇದೇ ಹೆಚ್ಚು ನೆನಪಾಗುತ್ತದೆ.

ಅಂಥವನು ಒಮ್ಮೆ ಯಾರದೋ ಹೊಸ ಮನೆಯಲ್ಲಿ ಛಾವಣಿಯಂಚಿಗೆ ಬಣ್ಣ ಹಚ್ಚುತ್ತಿದ್ದಾಗ ಒದ್ದೆ ನೆಲದ ಮೇಲೆ ಏಣಿ ಜಾರಿತು. ಬೀಳದಿರಲೆಂದು ಬಲಗೈಯಲ್ಲಿ ಅಟ್ಟದ ಅಂಚನ್ನು ಹಿಡಿದ. ಇಡೀ ಮೈಯ ಭಾರ ಆ ಒಂದು ಭುಜಕ್ಕೆ ಜೋತುಬಿತ್ತು. ಮೂಳೆ ಮುರಿಯಲಿಲ್ಲ, ಒಳಗಿನ ಸ್ನಾಯು ಹರಿಯಿತು. ಕೈಯನ್ನು ಪಟ್ಟಿಯಲ್ಲಿ ಕೊರಳಿಗೆ ಕಟ್ಟಿಕೊಂಡು ಮನೆಗೆ ಬಂದ. ಪಟ್ಟಿ ಬಿಚ್ಚಿದಾಗ ಕೈ ಸೊಂಟದಿಂದ ಮೇಲೇಳಲು ಒಲ್ಲೆನೆಂದಿತು.

ವ್ಯಾಯಾಮದಿಂದಲೇ ಸರಿಹೋಗಬೇಕೆಂದರು ವೈದ್ಯರು. ಆದರೆ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಹತ್ತಿ ಇಳಿದರೆ. ಬ್ರೇಕು ಹಾಕಿದಾಗಲೆಲ್ಲ ಪಕ್ಕದವರ ಮೊಣಕೈ ಗುರಿಯಿಟ್ಟಂತೆ ಅದೇ ಭುಜಕ್ಕೆ. ಆಸ್ಪತ್ರೆಯಲ್ಲಿ ಸಿಕ್ಕ ಸುಖವನ್ನು ಬಸ್ಸು ವಾಪಸು ಕಿತ್ತುಕೊಳ್ಳುತ್ತಿತ್ತು. ಮೇಲಾಗಿ ಅಲ್ಲಿ ಏನು ಕೇಳಿದರೂ ಅವನದು 'ಪರವಾಗಿಲ್ಲ' ಎಂಬ ಒಂದೇ ಉತ್ತರ. ಏಣಿಯ ಕೆಲಸದಲ್ಲಿ ನೋವು ಎಂದವನನ್ನು ಮನೆಗೆ ಕಳಿಸುತ್ತಾರೆ. ಆ ಭಯ ನಾಲಿಗೆಯಲ್ಲಿ ಕೂತುಬಿಟ್ಟಿತ್ತು. ಕೊನೆಗೆ ಹೋಗುವುದನ್ನೇ ಬಿಟ್ಟ.

ಮನೆಯಲ್ಲಿ ಮಲಗಿದರೆ ತಾನೇ ಬಳಿದ ಛಾವಣಿ ಕಣ್ಣಿಗೆ. ಸಂಜೆ ನಡೆಯಲು ಹೊರಟರೆ ಮಂದಿಯ ಮುಖ ನೋಡದೆ ಗೋಡೆಗಳನ್ನೇ ನೋಡುತ್ತ ಬರುವನು. "ಇದನ್ನ ಬಳಿದೋನಿಗೆ ಊಟದ ಹೊತ್ತಾಗಿತ್ತು ಕಣ್ರೀ ಮೇಷ್ಟ್ರೇ" ಎನ್ನುವನು. ಗೆರೆ ಎಳೆಯುವ ತೆಳು ಕುಂಚವನ್ನು ದಿನವೂ ತೊಳೆದು, ಎಡಗೈಯಿಂದಲೇ ಕೂದಲನ್ನು ನೀವಿ ಕಿಟಕಿಯಲ್ಲಿ ಒಣಗಿಸುವನು. ಬಳಸದ ಕುಂಚ ಕೊಳೆಯಾಗುವುದು ಹೇಗೆ?

ಅಷ್ಟರಲ್ಲಿ ಆಸ್ಪತ್ರೆಯವರೇ ಒಂದು ಏರ್ಪಾಡು ಮಾಡಿದರು. ಬರಲಾಗದ ಕೆಲಸಗಾರರಿಗೆ ಫೋನಿನಲ್ಲಿ, ವಿಡಿಯೋ ಮೂಲಕ ವ್ಯಾಯಾಮ. ಮೊದಲ ದಿನ ಬೆಳಿಗ್ಗೆ ಗೆರೆಯಣ್ಣ ನನ್ನನ್ನೂ ಕರೆದ. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಏನಾದರೂ ಅಂದುಬಿಟ್ಟರೆ ಎಂಬ ಅಳುಕು. ಹೋಗಿ ನೋಡಿದರೆ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದಾನೆ.

"ನೋಡಿ ಮೇಷ್ಟ್ರೇ, ನಮ್ಮ ಮದುವೆ ದಿನವೂ ಇಷ್ಟು ನೀಟಾಗಿ ಬಾಚಿರಲಿಲ್ಲ" ಎಂದಳು ಹೆಂಡತಿ. ಹೊಲಿಗೆ ಕಾರ್ಖಾನೆಯಲ್ಲಿ ಅವಳ ಕೆಲಸ. ಹೊರಡುವ ಮೊದಲು ಅಡುಗೆಮನೆಯಲ್ಲಿದ್ದಳು.

ಫೋನಿಗೆ ಒರಗಲು ಸಕ್ಕರೆ ಡಬ್ಬಿ. ಕರೆ ಬಂದೊಡನೆ ಫೋನು ಹಿಂದಕ್ಕೆ ಜಾರಿ ಬಿತ್ತು.

"ಯಜಮಾನ್ರೇ, ನನಗೆ ನಿಮ್ಮ ಮನೆ ಫ್ಯಾನ್ ಮಾತ್ರ ಕಾಣ್ತಿದೆ" ಎಂದಿತು ಅಚ್ಚಕನ್ನಡದ ಎಳೆಯ ದನಿ.

"ಅದಕ್ಕೂ ಸ್ವಲ್ಪ ವ್ಯಾಯಾಮ ಹೇಳಿ ಡಾಕ್ಟರಮ್ಮಾ. ಸರಿಯಾಗಿ ತಿರುಗ್ತಿಲ್ಲ."

ಆಕೆ ನಕ್ಕಳು. ನನ್ನ ಇಂಗ್ಲಿಷಿಗೆ ಕೆಲಸವಿರಲಿಲ್ಲ. ಆದರೂ ಚಹಾದ ನೆವದಲ್ಲಿ ದಿನವೂ ಹೋಗತೊಡಗಿದೆ. ಆಸ್ಪತ್ರೆಯಲ್ಲಿ ಕಾಣದ್ದೆಲ್ಲ ಆ ಹುಡುಗಿಗೆ ಫೋನಿನಲ್ಲಿ ಕಂಡಿತು. ಹಾಸಿಗೆ ತೋರಿಸಿ ಎಂದಳು. ಪೆಟ್ಟಾದ ಮಗ್ಗುಲಿಗೇ ಮಲಗುತ್ತಿದ್ದ. ಸ್ನಾನದ ಮನೆ ತೋರಿಸಿ ಎಂದಳು. ಸೋಪು ತಲೆಯ ಮೇಲಿನ ಗೂಡಿನಲ್ಲಿತ್ತು, ಅದು ಕೆಳಗಿಳಿಯಿತು. ಅವನು 'ಪರವಾಗಿಲ್ಲ' ಎಂದಾಗಲೆಲ್ಲ ಅಡುಗೆಮನೆಯಿಂದ, "ಸುಳ್ಳು! ಬೆಳಿಗ್ಗೆ ಅಂಗಿ ಹಾಕೋವಾಗ ಅಯ್ಯೋ ಅಂದ್ರು" ಎಂಬ ಸಾಕ್ಷಿ ಬರುತ್ತಿತ್ತು.

ಆ ನಡುವೆ ಗೆರೆಯಣ್ಣನನ್ನು ಕೆಲಸಕ್ಕೆ ಕರೆಯುತ್ತಿದ್ದ ಮೇಸ್ತ್ರಿ ಬಂದ. ಈ ರಜೆಯಲ್ಲಿ ಶಾಲೆಗೆ ಬಣ್ಣ ಹೊಡೆಸುತ್ತಿದ್ದಾರೆ, ಗುತ್ತಿಗೆ ಮೇಸ್ತ್ರಿಯದೇ.

"ಟೇಪ್ ಅಂಟಿಸಿ ನೋಡ್ದೆ ಕಣಯ್ಯಾ. ಹಳೇ ಗೋಡೆ, ಕೀಳೋವಾಗ ಬಣ್ಣವನ್ನೂ ಕಿತ್ಕೊಂಡು ಬರುತ್ತೆ. ಗೆರೆ ಒಂದನ್ನ ಕೊನೆಗಿಟ್ಟಿದ್ದೀನಿ. ಶಾಲೆ ತೆರೆಯೋ ಹೊತ್ತಿಗೆ ನಿನ್ನ ಕೈ ಎದ್ರೆ ಸರಿ. ಇಲ್ದಿದ್ರೆ ಗೆರೆ ಇಲ್ಲದೆ ಬಿಟ್ಬಿಡ್ತೀನಿ."

ಮೇಸ್ತ್ರಿ ಹೋದ ಮೇಲೆ ಗೆರೆಯಣ್ಣ ಕಿಟಕಿಯಲ್ಲಿದ್ದ ಕುಂಚವನ್ನು ತೆಗೆದುಕೊಂಡು ಒಣ ಕೂದಲನ್ನು ಅಂಗೈಗೆ ಒತ್ತಿಕೊಳ್ಳುತ್ತ ಕೂತ.

ಡಾಕ್ಟರಮ್ಮ ಆಗ ಹೇಳಿಕೊಟ್ಟಿದ್ದು ಗೋಡೆಯ ವ್ಯಾಯಾಮ. ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ನಡೆಸುವುದು. "ಗೋಡೆ ವಿಷಯ ನಿಮಗೆ ನಾನೇನು ಹೇಳಲಿ ಯಜಮಾನ್ರೇ!" ಎಂದು ಒಮ್ಮೆ ತೋರಿಸಿ ಬಿಟ್ಟಳು. ಅವನು ಬೆಳಿಗ್ಗೆ ಸಂಜೆ ತಪ್ಪದೆ ಮಾಡಿದ. ಆದರೂ ಕೈ ಎದೆಮಟ್ಟಕ್ಕೆ ಬಂದು ನಿಂತದ್ದು ನಿಂತೇಬಿಟ್ಟಿತು. ರಜೆ ಕರಗುತ್ತಿತ್ತು.

"ನನ್ನ ಗೆರೆ ಮುಗೀತು ಬಿಡಿ" ಎಂದ ಒಂದು ಬೆಳಿಗ್ಗೆ, ಫೋನಿನ ಮುಂದೆಯೇ.

"ಇವತ್ತು ಫೋನು ಗೋಡೆ ಹತ್ರ ಇಡಿ. ದಿನಾ ಮಾಡೋ ಹಾಗೇ ನನ್ನೆದುರು ಮಾಡಿ" ಎಂದಳಾಕೆ.

ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಹಲ್ಲು ಕಚ್ಚಿ, ಆದಷ್ಟು ಎತ್ತರಕ್ಕೆ ಒಯ್ದು ಗೋಡೆಗೆ ತಾಗಿಸಿದ. ಅಲ್ಲಿಂದ ಬೆರಳುಗಳನ್ನು ನಯವಾಗಿ, ಒಂದೇ ಸಮನೆ, ಕೆಳಕ್ಕಿಳಿಸಿದ.

ಡಾಕ್ಟರಮ್ಮ ಪರದೆಗೆ ಮುಖ ಹತ್ತಿರ ತಂದಳು.

"ಯಜಮಾನ್ರೇ, ಮೇಲಿಂದ ಕೆಳಗೆ ಯಾಕೆ ಬರ್ತಿದ್ದೀರಿ?"

"ಮತ್ತೆ? ಗೋಡೆ ಅಂದ್ರೆ ಮೇಲಿಂದ ತಾನೇ ಶುರು? ಕೆಳಗಿಂದ ಬಳಿದ್ರೆ ಹನಿಯೆಲ್ಲ ಹಚ್ಚಿದ ಬಣ್ಣದ ಮೇಲೇ ಇಳಿಯುತ್ತೆ."

"ಅಯ್ಯೋ! ಹತ್ತೋ ಕಷ್ಟವೆಲ್ಲ ಎಡಗೈದು. ಬಲಗೈ ಬರೀ ಜಾರುಬಂಡೆ ಆಡ್ತಿದೆ!"

ತಪ್ಪು ತಿಳಿಯಿತು, ಆದರೆ ರೂಢಿ ಬಿಡಬೇಕಲ್ಲ. ಕೆಳಗಿಂದ ಎಂದು ಹೊರಟರೂ ಗೋಡೆ ಕಂಡೊಡನೆ ಎಡಗೈ ತಾನಾಗಿ ಬಲಗೈಯನ್ನು ಮೇಲಕ್ಕೆ ಹೊತ್ತೊಯ್ಯುವುದು. ನೋಡಿ ನೋಡಿ ಡಾಕ್ಟರಮ್ಮ ಕೇಳಿದಳು: "ನಿಮ್ಮ ಕೆಲಸದಲ್ಲಿ ಕೆಳಗಿಂದ ಮೇಲಕ್ಕೆ ಹೋಗೋದು ಏನೂ ಇಲ್ವಾ?"

ಅವನು ತಲೆ ಕೆರೆದುಕೊಂಡ. ಉತ್ತರ ಅಡುಗೆಮನೆಯಿಂದ ಬಂತು.

"ತೊಳೆಯೋದು! ಮದುವೆಯಾದ ಹೊಸದ್ರಲ್ಲಿ ನನ್ನ ಕೈಲೂ ಗೋಡೆ ತೊಳೆಸಿದ್ರಲ್ಲ. ಮೇಲಿಂದ ತೊಳೆದ್ರೆ ಕೊಳೆನೀರು ಇಳಿದು ಪಟ್ಟೆ ಬೀಳುತ್ತೆ, ಕೆಳಗಿಂದ ತೊಳಿ ಅಂತ ಎಷ್ಟು ಬೈದ್ರಿ!"

"ಬೈದಿದ್ದು ಮಾತ್ರ ನೆನಪಿರುತ್ತೆ ಇವಳಿಗೆ" ಎಂದ ಗೆರೆಯಣ್ಣ. ಅಪಘಾತದ ನಂತರ ಅವನು ಮನಸ್ಸು ಬಿಚ್ಚಿ ನಕ್ಕಿದ್ದನ್ನು ನಾನು ಕಂಡದ್ದು ಅಂದೇ.

ಅಂದಿನಿಂದ ಕೈಗೆ ಒದ್ದೆ ಬಟ್ಟೆ ಬಂತು. ಬಟ್ಟೆ ಹಿಡಿದೊಡನೆ ಕೈಗೆ ದಾರಿ ತಾನಾಗಿ ನೆನಪಾಯಿತು. ಮಾಸಿದ ಗೋಡೆಯ ಮೇಲೆ ಅಚ್ಚಬಿಳುಪಿನ ಪಟ್ಟಿಯೊಂದು ಮೊಳಕೆಯೊಡೆದು ಎದೆಮಟ್ಟ ದಾಟಿತು, ಭುಜ ದಾಟಿತು. "ನನಗೆ ಈ ಪಟ್ಟಿ ತೋರಿಸಿದ್ರೆ ಸಾಕು, ಭುಜ ಕೇಳಲ್ಲ" ಎನ್ನತೊಡಗಿದಳು ಡಾಕ್ಟರಮ್ಮ. "ಉಳಿದ ಗೋಡೆಯನ್ನೂ ಯಾವಾಗ ತೊಳೀತಾರೆ ಕೇಳಿ, ನೆಂಟರು ಬಂದ್ರೆ ನಾಚಿಕೆ" ಎಂದಳು ಹೆಂಡತಿ.

ಶಾಲೆ ತೆರೆಯುವ ಮುನ್ನಾ ದಿನ ಕಾರಿಡಾರಿನಲ್ಲಿ ಗೆರೆಯಣ್ಣ, ಮೇಸ್ತ್ರಿ, ನಾನು. ನಾಲ್ಕನೆಯವಳು ಡಾಕ್ಟರಮ್ಮ, ಮೇಸ್ತ್ರಿಯ ಅಂಗೈಯ ಫೋನಿನಲ್ಲಿದ್ದಳು.

"ಮೇಸ್ತ್ರಿಗಳೇ, ನನಗೆ ಅವರ ಭುಜ ಕಾಣ್ಬೇಕು, ನಿಮ್ಮ ಹೆಬ್ಬೆರಳಲ್ಲ" ಎಂದಳು. ಆಮೇಲೆ, "ಗೆರೆ ಅಷ್ಟು ಎತ್ತರದಲ್ಲಿದ್ಯಾ? ಅಲ್ಲಿ ಮೂಲೇಲಿರೋ ಬೆಂಚುಗಳು ಏನು?"

ಒಂದನೇ ತರಗತಿಯ ಗಿಡ್ಡ ಬೆಂಚುಗಳು. ಅವನ್ನು ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸಿದೆವು. ಅವುಗಳ ಮೇಲೆ ನಿಂತರೆ ಗೆರೆ ಎದೆಮಟ್ಟಕ್ಕೆ ಬಂತು. ಗೆರೆಯಣ್ಣ ಕುಂಚವನ್ನು ಬಣ್ಣದಲ್ಲಿ ಅದ್ದಿದ.

"ಮೊಣಕೈ ಮೈಗೆ ಹತ್ರ. ನೋವಾಗ್ತಿದ್ಯಾ?"

"ಆಗ್ತಿದೆ, ಸ್ವಲ್ಪ" ಎಂದ ಅವನು. 'ಪರವಾಗಿಲ್ಲ' ಎನ್ನಲಿಲ್ಲ. "ತಡ್ಕೊಂಡು ಗೆರೆ ಎಳೆಯೋವಷ್ಟೇ ಇದೆ. ಈಗ ಮಾತಾಡಿಸ್ಬೇಡಿ ಡಾಕ್ಟರಮ್ಮಾ. ಉತ್ತರ ಕೊಟ್ರೆ ಗೆರೆ ಆಸ್ಪತ್ರೆ ಕಡೆ ತಿರುಗುತ್ತೆ."

ಕಣ್ಣು ಒಂದು ಮೊಳ ಮುಂದೆ. ಉಸಿರು ಬಿಗಿ. ಅಡ್ಡಡ್ಡ ಹೆಜ್ಜೆ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಎಳೆದು, ಭುಜಕ್ಕೆ ಬಿಡುವು ಕೊಟ್ಟು, ಮತ್ತೆ ಎಳೆದು, ಬೆಳಿಗ್ಗೆ ಹಿಡಿದ ಕುಂಚವನ್ನು ಇಳಿಬಿಸಿಲಿನ ಹೊತ್ತಿಗೆ ಕೆಳಗಿಟ್ಟ. ಒಂದು ಕಡೆ, ಮೂರನೇ ತರಗತಿಯ ಬಾಗಿಲ ಬಳಿ, ಗೆರೆ ಕೂದಲೆಳೆಯಷ್ಟು ನಡುಗಿತ್ತು. ಅದನ್ನು ಕಂಡದ್ದು ಅವನು ಮತ್ತು ನಾನು. ಕೆಲಸ ಮುಗಿದದ್ದನ್ನು ತೋರಿಸಲು ಮೇಸ್ತ್ರಿ ಡಾಕ್ಟರಮ್ಮನಿಗೆ ಮತ್ತೆ ಕರೆ ಮಾಡಿದ.

ಬೆಂಚಿನಿಂದ ಇಳಿದವನು ಗೆರೆಯನ್ನು ಬಹಳ ಹೊತ್ತು ನೋಡಲಿಲ್ಲ. ಕತ್ತೆತ್ತಿ, ಗೋಡೆ ಛಾವಣಿಗೆ ಸೇರುವ ಅಂಚನ್ನು ನೋಡುತ್ತ ನಿಂತ. ಈ ಸಲ ಅಲ್ಲಿ ಏಣಿ ಹತ್ತಿದ್ದು ಬೇರೆ ಯಾರೋ.

"ಡಾಕ್ಟರಮ್ಮಾ, ಛಾವಣಿ ಅಂಚಿಗೆ ಕೈ ಹೋಗೋದು ಯಾವಾಗ?"

ಆಕೆ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಯಜಮಾನ್ರೇ. ಆಗಲೂಬಹುದು, ಆಗದೇನೂ ಇರಬಹುದು. ನಾಳೆ ಬೆಳಿಗ್ಗೆ ಬಟ್ಟೆ ಒದ್ದೆ ಮಾಡಿಟ್ಕೊಳ್ಳಿ."

ಈಗಲೂ ಚಹಾಕ್ಕೆ ಹೋದಾಗ ಗೆರೆಯಣ್ಣನ ಮನೆಯ ಆ ಗೋಡೆಯನ್ನು ನೋಡುತ್ತೇನೆ. ಬಿಳಿಯ ಪಟ್ಟಿ ಕಿಟಕಿಯ ಮೇಲಂಚನ್ನು ದಾಟಿದೆ. ಅದರ ತುದಿಗೂ ಛಾವಣಿಗೂ ನಡುವೆ ಇನ್ನೂ ಒಂದಿಷ್ಟು ಮಾಸಿದ ಗೋಡೆ ಉಳಿದಿದೆ. ಹೆಂಡತಿ ಸ್ಟೂಲು ಹತ್ತಿದರೆ ಅರೆಗಳಿಗೆಯಲ್ಲಿ ತೊಳೆದುಬಿಡಬಲ್ಲಳು. ಅವಳು ಅದನ್ನು ಮುಟ್ಟಿಲ್ಲ.