ಅತ್ತೆ ತಿದ್ದಿದ ಬಾಗಿಲು

ಊರಿನವರೆಲ್ಲ ಅವಳನ್ನು ಗೋಡೆಯಕ್ಕ ಎಂದೇ ಕರೆಯುತ್ತಿದ್ದರು. ಚಿತ್ರ ಬರೆಯಲು ಖಾಲಿ ಗೋಡೆ ಸಿಗದಿದ್ದರೆ ಅವಳಿಗೆ ಜ್ವರ ಏರುತ್ತದೆ ಎಂಬ ಮಾತಿತ್ತು. ನೀರಿನ ಟ್ಯಾಂಕಿನ ಮೇಲೆ ಅವಳು ಬರೆದ ಮರದಲ್ಲಿ ಗೂಡು ಕಟ್ಟಲು ಬಂದ ಕಾಗೆಗಳು ಮೂತಿ ಜಜ್ಜಿಕೊಂಡವು. ಅಂದಿನಿಂದ ಆ ಕಡೆಯ ಕಾಗೆಗಳೆಲ್ಲ ಚಪ್ಪಟೆ ಕೊಕ್ಕಿನವೇ ಹುಟ್ಟುತ್ತಿವೆ. ಗ್ರಂಥಾಲಯದ ಗೋಡೆಯ ಮೇಲಿನ ಬೆಂಚಿನಲ್ಲಿ ಕೂರಲು ಹೋಗಿ ಸೊಂಟ ಉಳುಕಿಸಿಕೊಂಡವರು ಸೇರಿ ಒಂದು ಸಂಘ ಕಟ್ಟಿದ್ದಾರೆ. ಅದರ ಸಭೆಗಳಲ್ಲಿ ಯಾರೂ ಕೂರುವುದಿಲ್ಲ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂಬುದನ್ನು ಕಾಗೆಗಳೇ ಹೇಳಬೇಕು.

ಇಂಥವಳಿಗೆ ಸ್ವಂತ ಮನೆಯಲ್ಲಿ ಮೊಳದಷ್ಟು ಗೋಡೆಯೂ ಇರಲಿಲ್ಲ. ಹಜಾರದ ಒಂದು ಗೋಡೆಯನ್ನು ಮಗಳ ಪುಸ್ತಕದ ಕಪಾಟು ನುಂಗಿತ್ತು. ಇನ್ನೊಂದರ ಮೊಳೆಗಳಿಗೆ ಗಂಡನ ಸಮವಸ್ತ್ರಗಳು ಜೋತುಬಿದ್ದಿದ್ದವು; ಅವನು ಸಿಟಿ ಬಸ್ಸಿನ ಡ್ರೈವರು. ಮೂರನೆಯದರಲ್ಲಿ ಕಿಟಕಿ. ನಾಲ್ಕನೆಯದನ್ನು ಎರಡು ನಾಯಿಗಳು ಮೈ ಒರಗಿಸಿ ಒರಗಿಸಿ ತಮ್ಮದೇ ಬಣ್ಣಕ್ಕೆ ತಂದಿದ್ದವು. ಬಿಳಿಯದರ ಹೆಸರು ಸುಣ್ಣ, ಕರಿಯದು ಇದ್ದಿಲು. ಸುಣ್ಣ ಬ್ರಶ್ ಕದ್ದು ಓಡುವ ಕಳ್ಳ. ಅವನ ಬಾಯಿಂದ ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಬಣ್ಣ ಒಣಗಿ, ಸಿಪ್ಪೆಯೆದ್ದು, ಗೋಡೆಯೇ ಹಳೆಯದಾಗಿರುತ್ತಿತ್ತು. ಇದ್ದಿಲು ಮುದುಕ. ಎರಡೂ ಕಣ್ಣಿಗೆ ಪೊರೆ ಬಂದು, ಮೂಗು ಕಿವಿಗಳ ಭರವಸೆಯಲ್ಲಿ ದಿನ ತಳ್ಳುತ್ತಿದ್ದ.

ಅತ್ತೆಯದೂ ಹೆಚ್ಚುಕಡಿಮೆ ಅದೇ ಸ್ಥಿತಿ. ಕಣ್ಣು ಚೆನ್ನಾಗಿತ್ತು, ನೆನಪಿಗೆ ಪೊರೆ ಬಂದಿತ್ತು. ಒಲೆಯ ಮೇಲೆ ಖಾಲಿ ಪಾತ್ರೆಯಿಟ್ಟು ಮರೆಯುವರು, ಮೊಮ್ಮಗಳನ್ನು ತಂಗಿಯೆಂದು ಕರೆಯುವರು, ತೀರಿಹೋದ ಮಾವನವರು ಊಟಕ್ಕೆ ಯಾಕೆ ಬರಲಿಲ್ಲ ಎಂದು ವಿಚಾರಿಸುವರು. ಹಗಲು ಹೊತ್ತು ಅವರನ್ನು ನೋಡಿಕೊಳ್ಳುವವರು ಯಾರು ಎಂಬುದೇ ಮನೆಯ ದೊಡ್ಡ ತಲೆನೋವಾಗಿತ್ತು. ಅಷ್ಟರಲ್ಲಿ ನಗರಸಭೆಯ ಎಂಜಿನಿಯರು ರೈಲು ಹಳಿಯ ಕೆಳಗಿನ ಅಂಡರ್‌ಪಾಸಿನ ಗೋಡೆಯನ್ನು ಒಪ್ಪಿಸಿದರು. ಒಂದು ಹಳೆಯ ಬೀದಿಯನ್ನು ಬರೆಯಬೇಕು, ಯಾರೂ ಪೋಸ್ಟರ್ ಹಚ್ಚಲು ಮನಸ್ಸು ಮಾಡದಷ್ಟು ಚೆನ್ನಾಗಿರಬೇಕು, ಅಷ್ಟೇ ಎಂದರು. ಆ ಗೋಡೆಯ ಉದ್ದ ಎಷ್ಟೆಂದರೆ, ಈ ತುದಿಯಲ್ಲಿ ಯೌವನದಲ್ಲಿ ಶುರುಮಾಡಿದವರು ಆ ತುದಿಯಲ್ಲಿ ಪಿಂಚಣಿ ತೆಗೆದುಕೊಳ್ಳಬಹುದಿತ್ತು. ಗೋಡೆಯಕ್ಕ ಅತ್ತೆಯನ್ನೂ ನಾಯಿಗಳನ್ನೂ ಜೊತೆಗೇ ಕರೆದೊಯ್ದಳು. ಫುಟ್‌ಪಾತಿನ ಮೇಲೆ ಮಡಚುವ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿ, ಕುರ್ಚಿಯ ಕಾಲಿಗೆ ನಾಯಿಗಳನ್ನು ಕಟ್ಟಿದಳು. ಅತ್ತೆ ಹೋಗದಂತೆ ನಾಯಿಗಳನ್ನು ಕಟ್ಟಿದ್ದೋ, ನಾಯಿಗಳು ಹೋಗದಂತೆ ಅತ್ತೆಯನ್ನು ಕೂರಿಸಿದ್ದೋ ಎಂದು ಮಗಳು ಕೇಳಿದಾಗ, ಎರಡೂ ಕಡೆಯವರು ಒಪ್ಪಿದ್ದಾರೆ ಬಿಡು ಎಂದಿದ್ದಳು.

ಬೀದಿ ಬೆಳೆಯಿತು. ಮನೆಗಳೆಲ್ಲ ಅವಳ ಕಲ್ಪನೆಯವು. ನಡುವೆ ಒಂದು ಬಾಗಿಲಿನ ಜಾಗ ಮಾತ್ರ ಉಳಿದಿತ್ತು. ಅತ್ತೆಗೆ ಖುಷಿಯಾಗಲೆಂದು, ಅವರು ಸಂಸಾರ ಹೂಡಿದ್ದ ಬಾಡಿಗೆ ಮನೆಯ ಬಾಗಿಲನ್ನೇ ಅಲ್ಲಿ ಬರೆಯುತ್ತೇನೆ ಎಂದಳು. ಆ ಮನೆಯನ್ನು ಅವಳು ನೋಡಿರಲಿಲ್ಲ. ಅವಳು ಮದುವೆಯಾಗಿ ಬರುವ ಮೊದಲೇ ಅದನ್ನು ಕೆಡವಿ ರಸ್ತೆಗೆ ಸೇರಿಸಿಯಾಗಿತ್ತು; ಫೋಟೋ ಕೂಡ ಇರಲಿಲ್ಲ. ಅಂದಾಜಿನಲ್ಲಿ ಒಂದು ಹಸಿರು ಕದ ಬರೆದು ಏಣಿಯಿಂದ ಕೆಳಗಿಳಿದಳು.

ಅತ್ತೆ ಕುರ್ಚಿಯಿಂದಲೇ, "ಚಿಲಕ ಎಡಕ್ಕಲ್ಲ ಕಣೇ, ಬಲಕ್ಕೆ" ಎಂದರು.

ಬೆಳಿಗ್ಗೆ ಏನು ತಿಂದೆ ಎಂಬುದು ನೆನಪಿಲ್ಲದ ಹೆಂಗಸು ಬಾಗಿಲಿನ ಒಂದೊಂದು ಗೀರನ್ನೂ ಬಾಯಿಪಾಠದಂತೆ ಒಪ್ಪಿಸತೊಡಗಿದರು. ಹಸಿರು ಎದ್ದುಹೋದ ಕಡೆ ಕೆಳಗಿನ ನೀಲಿ ಕಾಣಬೇಕು. ಮಾವನವರ ಸೈಕಲ್ಲಿನ ಹ್ಯಾಂಡಲ್ ತಗುಲಿ ಸೊಂಟದೆತ್ತರಕ್ಕೆ ಒಂದು ಗುಳಿ. ಹೊಸ್ತಿಲಿನ ಬಲಮೂಲೆ ಒಡೆದಿತ್ತು. ದಿನಾ ಕೈಯಿಟ್ಟು ತಳ್ಳುವ ಜಾಗ ನುಣುಪಾಗಿ ಹೊಳೆಯುತ್ತಿತ್ತು. ಗೋಡೆಯಕ್ಕ ಉಜ್ಜಿದಳು, ಬಳಿದಳು, ಮತ್ತೆ ಉಜ್ಜಿದಳು. ಅಷ್ಟು ಜಿಪುಣತನದಿಂದ ಮೆಚ್ಚುವ ವಿಮರ್ಶಕರು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಅಷ್ಟು ನಕ್ಕ ದಿನಗಳೂ ಹಿಂದೆ ಇರಲಿಲ್ಲ. ಕೆಲಸವೂ ಆಯಿತು, ಅತ್ತೆಯೂ ಕಣ್ಣೆದುರಿಗಿದ್ದರು ಎಂದು ಅವಳು ಗಂಡನೆದುರು ಬೀಗಿದಳು.

ಕೊನೆಯ ತಿದ್ದುಪಡಿ ಒಂದು ಸಂಜೆ ಬಂತು. ಬಾಗಿಲ ಕೆಳಗೆ ಬೆಳಕಿನ ಗೆರೆ ಇಲ್ಲವಲ್ಲ ಎಂದರು ಅತ್ತೆ. ತಾನು ಪೇಟೆಯಿಂದ ಬರುವ ಹೊತ್ತಿಗೆ ಯಜಮಾನರು ಕೆಲಸದಿಂದ ಬಂದು ದೀಪ ಹಾಕಿರುತ್ತಿದ್ದರು ಎಂದರು. ಗೋಡೆಯಕ್ಕ ಮಂಡಿಯೂರಿ, ಸಣ್ಣ ಬ್ರಶ್ಶಿನಲ್ಲಿ, ಹೊಸ್ತಿಲಿನ ಮೇಲೆ ಒಂದೇ ಒಂದು ಹಳದಿ ಗೆರೆ ಎಳೆದಳು.

ಹಿಂದೆ ಕುರ್ಚಿ ಕಿರುಗುಟ್ಟಿತು. ಅತ್ತೆ ಎದ್ದಿದ್ದರು. ಕೂದಲು ಸರಿಮಾಡಿಕೊಂಡರು. ಚಪ್ಪಲಿ ಬಿಟ್ಟು, ಜೋಡಿಯಾಗಿ ಗೋಡೆಗೆ ತಾಗಿಸಿಟ್ಟರು. ಆಮೇಲೆ ಕೈಯೆತ್ತಿ, ಹಸಿ ಬಣ್ಣದ ಮೇಲೆಯೇ ಮೆಲ್ಲಗೆ ತಟ್ಟಿದರು.

ಅತ್ತೆಯ ತಪ್ಪು ತಿಳಿದು ಗೋಡೆಯಕ್ಕನಿಗೆ ನಗು ಬರುವುದರಲ್ಲಿತ್ತು. ಆದರೆ ಇದ್ದಿಲು ಎದ್ದು ನಿಂತು ಬಾಲ ಅಲ್ಲಾಡಿಸುತ್ತಿದ್ದ. ಚಿತ್ರ ನೋಡಿ ಮೋಸಹೋಗಲು ಆ ಕುರುಡು ನಾಯಿಗೆ ಕಣ್ಣಿರಲಿಲ್ಲ. ಮನೆಗೆ ಬಂದವರನ್ನು ಗುರುತಿಸಿದಾಗ ಆಡಿಸುವಂತೆ, ನಿಧಾನವಾಗಿ, ಮರ್ಯಾದೆಯಿಂದ ಬಾಲ ಆಡಿಸುತ್ತಿದ್ದ. ಬಾಯಲ್ಲಿದ್ದ ಬ್ರಶ್ಶನ್ನು ಸುಣ್ಣ ತಾನಾಗಿಯೇ ಕೆಳಗಿಟ್ಟ.

ಮಾರನೆಯ ದಿನದಿಂದ ಅತ್ತೆಯನ್ನು ಮನೆಯಲ್ಲಿ ಹಿಡಿದಿಡುವುದೇ ಕಷ್ಟವಾಯಿತು. ಯಾರಾದರೂ ಸ್ನಾನಕ್ಕೆ ಹೋದರೆ ಸಾಕು, ಇದ್ದಿಲನ್ನು ಕರೆದುಕೊಂಡು ಹೊರಟೇಬಿಡುವರು. ದಾರಿ ಯಾರಿಗೆ ಗೊತ್ತಿತ್ತೋ, ಮರೆವಿನವರಿಗೋ ಕುರುಡನಿಗೋ, ಇಬ್ಬರೂ ತಪ್ಪದೆ ಅಂಡರ್‌ಪಾಸ್ ಸೇರುತ್ತಿದ್ದರು. ಹುಡುಕಿಕೊಂಡು ಹೋದರೆ ಅತ್ತೆ ಬಾಗಿಲೆದುರು, ವಾಹನಗಳಿಗೆ ಬೆನ್ನು ಹಾಕಿ, ಚಪ್ಪಲಿ ಬಿಟ್ಟು ಕೂತಿರುತ್ತಿದ್ದರು. ಯಜಮಾನರು ಒಳಗೆ ಕೆಮ್ಮುತ್ತಿದ್ದಾರೆ, ಎದ್ದು ಬರಲು ಹೊತ್ತಾಗುತ್ತದೆ ಎಂದು ಸೊಸೆಗೆ ಸಮಾಧಾನ ಹೇಳುವರು. ಅದು ಮೇಲೆ ಹೋಗುವ ರೈಲಿನ ಸದ್ದು ಎಂದು ಗೋಡೆಯಕ್ಕ ತನಗೆ ತಾನೇ ಹೇಳಿಕೊಂಡಳು. ರೈಲು ಇಲ್ಲದ ಹೊತ್ತಿನಲ್ಲೂ ಹೇಳಿಕೊಂಡಳು.

ಗಂಡನ ಬಸ್ಸು ಆ ದಾರಿಯದೇ. ದಿನಕ್ಕೆ ಹಲವು ಬಾರಿ ಅವನು ತಾಯಿಯ ಬೆನ್ನನ್ನೂ, ತಾನು ಚಿಕ್ಕಂದಿನಲ್ಲಿದ್ದ ಮನೆಯ ಬಾಗಿಲನ್ನೂ ಕಿಟಕಿಯಿಂದ ನೋಡುತ್ತಾ ಹೋಗಬೇಕಾಗಿತ್ತು. ಮೊದಮೊದಲು ಜೋಕು ಮಾಡಿದ. ಅಲ್ಲೊಂದು ಬಸ್ ಸ್ಟಾಪೂ ಬರೆದುಬಿಡು ಎಂದ. ಒಂದು ದಿನ ಬೈಕೊಂದು ಅತ್ತೆಯ ಭುಜ ಸವರಿಕೊಂಡು ಹೋಯಿತು. ತರಚಿದ ಮೊಣಕೈಗೆ ಮಗಳು ಔಷಧಿ ಹಚ್ಚುವಾಗ ಅವನು ಸಮವಸ್ತ್ರವನ್ನೂ ಬಿಚ್ಚದೆ ಅಡುಗೆಮನೆಗೆ ಬಂದು ನಿಂತ.

"ಆ ಬಾಗಿಲು ಅಳಿಸಿಬಿಡು" ಎಂದ.

ಅದೊಂದಕ್ಕಾಗಿಯೇ ಜನ ನಿಂತು ನೋಡುತ್ತಾರೆ, ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಇನ್ನೊಂದನ್ನು ಬರೆದಿಲ್ಲ ಎಂದು ಅವಳು ವಾದಿಸಿದಳು. ಅವನು ನೀರು ಕುಡಿದು ಲೋಟವನ್ನು ಬೋರಲಿಟ್ಟ.

"ಚೆನ್ನಾಗಿರೋದೇ ಕಷ್ಟ ಆಗಿರೋದು. ನಿನ್ನೆ ನಾನೂ ಬ್ರೇಕ್ ಹಾಕ್ದೆ. ಬಸ್ ತುಂಬ ಜನ. ಅಪ್ಪ ಕೆಮ್ಮಿದ ಹಾಗಾಯ್ತು, ಇಳಿದು ಹೋಗೋಣ ಅನ್ನಿಸ್ತು. ಕಂಡಕ್ಟರ್ ಸೀಟಿ ಊದಿದ ಮೇಲೆ ಎಚ್ಚರ ಆಯ್ತು." ಲೋಟವನ್ನು ಪಕ್ಕಕ್ಕೆ ಸರಿಸಿ, "ಇನ್ನೊಂದು ಸಲ ಅಮ್ಮ ಅಲ್ಲಿಗೆ ಹೋದ್ರೆ ರೂಮಿಗೆ ಹೊರಗಿಂದ ಬೀಗ ಹಾಕ್ತೀನಿ. ನನ್ನ ಕೈಯಾರೆ. ಅದನ್ನ ಮಾಡಿಸ್ಬೇಡ" ಎಂದ.

ಹಜಾರದಲ್ಲಿ ಮಗಳು ಔಷಧಿ ಬಾಟಲಿಯ ಮುಚ್ಚಳವನ್ನೇ ತಿರುಗಿಸುತ್ತಾ ಕೂತಳು. ಮಾತಿಗೆ ಮಾತು ಕೊಡುವುದರಲ್ಲಿ ನ್ಯಾಯಾಧೀಶರನ್ನೇ ಜೈಲಿಗೆ ಕಳಿಸಬಲ್ಲ ಹುಡುಗಿ ಅದು.

ಗೋಡೆಯಕ್ಕ ಬಿಳಿ ಬಣ್ಣದ ಬಕೆಟ್ಟು, ರೋಲರು ಹಿಡಿದು ಹೊರಟಳು. ಅತ್ತೆ ಆಗಲೇ ಅಲ್ಲಿದ್ದರು. ರೋಲರು ನೋಡಿದವರೇ ಎದ್ದು, ಎರಡೂ ಕೈ ಚಾಚಿ, ಬಾಗಿಲಿಗೆ ಬೆನ್ನು ಒತ್ತಿ ನಿಂತರು. ಸೊಸೆಯ ಗುರುತು ಆ ಮುಖದಲ್ಲಿ ಇರಲಿಲ್ಲ.

"ಸಾಮಾನು ತೆಗೀಲಿಕ್ಕಾದ್ರೂ ಬಿಡಿ. ಮಗು ಒಳಗೆ ಮಲಗಿದೆ. ಆಮೇಲೆ ಕೆಡವಿ."

ಹಿಂದೊಮ್ಮೆ ಆ ಮನೆಯನ್ನು ಕೆಡವಲು ಬಂದವರಿಗೂ ಅತ್ತೆ ಹೀಗೇ ಹೇಳಿರಬೇಕು. ಗೋಡೆಯಕ್ಕ ಬಕೆಟ್ಟಿನ ಮುಚ್ಚಳ ಹಾಕಿದಳು. ಎದುರಿಗಿದ್ದು ಬಣ್ಣ ಮತ್ತು ಸಿಮೆಂಟು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಆ ಮಗು ಏಳದಿರಲಿ ಎಂದು, ಅತ್ತೆಯ ಕೈ ಹಿಡಿದು ಬರುವಾಗ ಅವಳು ಹೆಜ್ಜೆ ಸದ್ದಾಗದಂತೆ ನಡೆದಳು.

ಅಳಿಸುವುದು ಆಗದು. ಬಿಡುವುದೂ ಆಗದು. ಹಾಗಾದರೆ ಉಳಿದದ್ದು ಒಂದೇ: ತಿದ್ದಿದ್ದನ್ನೆಲ್ಲ ಮತ್ತೆ ಕೆಡಿಸುವುದು. ಅತ್ತೆಯನ್ನು ಮಗಳ ಕಾವಲಿಗೆ ಬಿಟ್ಟು, ಒಂದು ಭಾನುವಾರ ನಾಯಿಗಳೊಂದಿಗೆ ಹೋದಳು. ಚಿಲಕವನ್ನು ಎಡಕ್ಕೆ ತಂದಳು. ಗುಳಿ ತುಂಬಿಸಿದಳು. ನೀಲಿಯ ಮೇಲೆ ಹಸಿರು ಬಳಿದಳು. ಒಡೆದ ಹೊಸ್ತಿಲನ್ನು ಕೂಡಿಸಿದಳು. ಕೈಯಿಟ್ಟು ತಳ್ಳಿದ ಜಾಗದ ಹೊಳಪಿಗೆ ಸ್ಯಾಂಡ್‌ಪೇಪರ್ ಹಿಡಿದಾಗ, ಯಾರದೋ ಅಂಗೈಯನ್ನೇ ಉಜ್ಜುತ್ತಿದ್ದೇನೆ ಎನ್ನಿಸಿ ಕೈ ಹಿಂದೆ ತೆಗೆದಳು, ಮತ್ತೆ ಉಜ್ಜಿದಳು. ತಾನು ಕಂಡೇ ಇರದ ಮನೆಯನ್ನು ಅತ್ತೆಯ ಬಾಯಿಂದ ಕೇಳಿ ಕೇಳಿ ಕಟ್ಟಿ, ಈಗ ಕಲ್ಲು ಕಲ್ಲಾಗಿ ಬಿಚ್ಚುತ್ತಿದ್ದಳು. ಕೊನೆಗೆ ಬೆಳಕಿನ ಗೆರೆ ಉಳಿಯಿತು. ಅದನ್ನು ಎಡದಿಂದ ಬಲಕ್ಕೆ ಕಪ್ಪಿನಿಂದ ಮುಚ್ಚುತ್ತಾ ಬಂದಳು. ಕೊನೆಯ ಬೆರಳಗಲ ಮುಚ್ಚುವಾಗ, ಬಾಗಿಲಿಗೆ ಮೂಗಿಟ್ಟು ಮಲಗಿದ್ದ ಇದ್ದಿಲು ಎದ್ದು, ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು, ಅವರ ಹಿಂದೆಯೇ ಮುಖ ತಿರುಗಿಸುತ್ತಾ ರಸ್ತೆಯ ಕಡೆ ಕಿವಿಯೆತ್ತಿ ನಿಂತ.

ಮರುದಿನ ಅವಳೇ ಅತ್ತೆಯನ್ನು ಕರೆದೊಯ್ದಳು. ಅತ್ತೆ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು. ಚಿಲಕ ನೋಡಿದರು, ಹೊಸ್ತಿಲು ನೋಡಿದರು. ಚಪ್ಪಲಿ ಬಿಡಲಿಲ್ಲ.

"ಇದಲ್ಲ ಕಣೇ. ಬೇರೆ ಯಾರದೋ ಮನೆ. ನಾವು ಬೀದಿ ತಪ್ಪಿ ಬಂದಿದೀವಿ."

ಗೋಡೆಯಕ್ಕನಿಗೆ ಹೋದ ಜೀವ ಬಂದಂತಾಯಿತು. ಹಾಗಾದ್ರೆ ಮನೆಗೆ ಹೋಗೋಣ ಬನ್ನಿ ಅತ್ತೆ ಎಂದು ಕೈ ಹಿಡಿದಳು.

"ಮತ್ತೆ? ಮನೆಗೇ ಅಲ್ವಾ ಹೋಗ್ತಿರೋದು" ಎಂದು ಅತ್ತೆ ಅವಳನ್ನೇ ಎಳೆದುಕೊಂಡು, ಬಂದ ದಾರಿ ಬಿಟ್ಟು, ಎದುರಿನ ಓಣಿಗೆ ನುಗ್ಗಿದರು.

ಅಂದಿನಿಂದ ಅಂಡರ್‌ಪಾಸಿನ ಕಾಟ ತಪ್ಪಿತು. ಗಂಡ ತಂದಿಟ್ಟ ಬೀಗ ಕಪಾಟಿನಲ್ಲೇ ಉಳಿಯಿತು. ಪೋಸ್ಟರ್ ಇಲ್ಲದ ಗೋಡೆ ನೋಡಿ ಎಂಜಿನಿಯರು ಖುಷಿಯಾಗಿ ಆಸ್ಪತ್ರೆಯ ಕಾಂಪೌಂಡನ್ನೂ ಅವಳಿಗೇ ಕೊಟ್ಟರು. ಅಲ್ಲಿ ಅವಳು ಬೆಳಗಿನ ಹೊತ್ತಷ್ಟೇ ಕೆಲಸ ಮಾಡುತ್ತಾಳೆ, ಬಾಗಿಲಿರುವ ಏನನ್ನೂ ಬರೆಯುವುದಿಲ್ಲ. ಮಧ್ಯಾಹ್ನ ಕಳೆಯಿತೆಂದರೆ ಅತ್ತೆ ಮನೆ ಹುಡುಕಲು ಹೊರಡುತ್ತಾರೆ. ಅವರೊಬ್ಬರೇ ಹೋದರೆ ತಾನೇ ಬೀಗ? ಅವಳೂ ಹೋಗುತ್ತಾಳೆ. ಮುಂದೆ ಸುಣ್ಣ, ಹಿಂದೆ ಇದ್ದಿಲು. ಒಂದು ಕಡೆ ನಿಂತಿದ್ದ ಮನೆ ಈಗ ಊರಿಡೀ ಹರಡಿಕೊಂಡಿದೆ. ಈ ನಾಲ್ವರು ತುಳಿದ ಬೀದಿಗಳಿಗೆ ನಗರಸಭೆ ಮೂರು ಸಲ ಟಾರು ಹಾಕಿಸಿದೆ ಎಂದು ಜನ ಆಡಿಕೊಳ್ಳುತ್ತಾರೆ. ಅತ್ತೆ ಪ್ರತಿ ಬಾಗಿಲ ಮುಂದೆ ನಿಂತು, ನೋಡಿ, ತಲೆಯಾಡಿಸಿ, ಮುಂದೆ ನಡೆಯುತ್ತಾರೆ.

ಮೊನ್ನೆ ಸಂಜೆ, ಗೊತ್ತಿಲ್ಲದ ಓಣಿಯೊಂದರಲ್ಲಿ ಗೋಡೆಯಕ್ಕನ ಕಾಲೇ ನಿಂತುಬಿಟ್ಟಿತು. ಹಸಿರು ಕದ. ಬಣ್ಣ ಎದ್ದ ಕಡೆ ನೀಲಿ. ಸೊಂಟದೆತ್ತರಕ್ಕೆ ಗುಳಿ. ಅವಳು ಮೆಟ್ಟಿಲು ಹತ್ತಿದ್ದಳು, ಚಪ್ಪಲಿ ಬಿಟ್ಟಿದ್ದಳು, ಕೈಯೆತ್ತಿದ್ದಳು.

ಹಿಂದಿನಿಂದ ಅತ್ತೆ ಅವಳ ತೋಳು ಹಿಡಿದರು. ದಾರಿ ತಪ್ಪಿದ ಮಗುವಿನೊಡನೆ ಮಾತಾಡುವಷ್ಟು ಮೆತ್ತಗೆ, "ಅವರ ಮನೆ ಬಾಗಿಲು ಯಾಕೆ ತಟ್ತೀಯಾ ಹುಡುಗಿ? ನಮ್ಮದು ಇನ್ನೂ ಮುಂದಿದೆ" ಎಂದರು.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಹೌದಾ ಅತ್ತೆ, ಎಷ್ಟು ಮುಂದೆ ಎಂದು ಕೇಳಿದಳು. ಆ ಸಲ ಅವಳು ಅತ್ತೆಯನ್ನು ಸಮಾಧಾನ ಮಾಡಲು ಕೇಳಿರಲಿಲ್ಲ.