ಸಣ್ಣ ಎಂಜಿನ್, ದೊಡ್ಡ ಎಂಜಿನ್

ನನ್ನ ಗಂಡನಿಗೆ ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ಇದೆ. ಅಲ್ಲಿ ರಿಪೇರಿಯಾದ ಯಾವ ಎಂಜಿನ್ನಿಗೂ ಪರೀಕ್ಷೆ ಒಂದೇ: ಹೆದ್ದಾರಿ ಹಿಡಿದು ದಾವಣಗೆರೆಗೆ ಹೋಗಿಬರುವುದು. ಗಾಡಿ ಚೆನ್ನಾಗಿ ಎಳೆದರೆ ಕೆಲಸ ಪಾಸು. ಆ ರಸ್ತೆಯೋ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಾನು ದಾವಣಗೆರೆಯ ವಿದ್ಯಾನಗರದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಓಡಾಟಕ್ಕೆಂದು ಕೊಂಡ ಹಳೆಯ ಜಪಾನಿ ಕಾರು ನನ್ನ ತಲೆ ಕೆಡಿಸಿತು. ಅದರಲ್ಲಿದ್ದದ್ದು ಒಂದು ಪಾಯಿಂಟ್ ಮೂರು ಲೀಟರಿನ ಪುಟ್ಟ ಎಂಜಿನ್. ನಿಧಾನದಲ್ಲಿ ತೂಕಡಿಸುತ್ತಿತ್ತು, ಆರ್‌ಪಿಎಂ ಏರಿತೆಂದರೆ ಅದಕ್ಕೆ ಎಲ್ಲಿಲ್ಲದ ಹುರುಪು. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಹವ್ಯಾಸಿಗಳು ಶುಲ್ಕ ಕಟ್ಟಿ ಸ್ವಂತ ಕಾರು ಓಡಿಸಬಹುದು ಎಂದು ತಿಳಿದಾಗ ಹೆಸರು ಕೊಟ್ಟುಬಿಟ್ಟೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಮೇಡಂ, ಹೆಲ್ಮೆಟ್ ಮ್ಯಾಲೆ ಮಲ್ಲಿಗೆ ಮುಡಿತೀರೇನ್ರಿ?" ಎಂದು ಕೇಳಿದರು. ಮುಡಿದುಕೊಂಡೇ ಹೋಗುತ್ತೇನೆ ಎಂದೆ.

ಆ ಟ್ರ್ಯಾಕಿನಲ್ಲಿ ಉದ್ದನೆಯ ಬಲ ತಿರುವೊಂದಿದೆ. ಆಕ್ಸಿಲರೇಟರಿನಿಂದ ಕಾಲು ಎತ್ತದೆ ಅದನ್ನು ದಾಟಬೇಕು, ಅಷ್ಟೇ ನನ್ನ ಆಸೆ. ಕಪ್ ಬೇಡ, ಪದಕವೂ ಬೇಡ. ಸಣ್ಣ ಎಂಜಿನ್ ಹಗುರವಾದ್ದರಿಂದ ಕಾರಿನ ಮೂತಿ ಹೇಳಿದ ಕಡೆ ತಿರುಗುತ್ತಿತ್ತು. ಪ್ರತಿ ಸುತ್ತಿಗೂ ಕಾಲು ಎತ್ತುವುದು ಕಡಿಮೆಯಾಗುತ್ತ ಬಂತು. ಕೊನೆಯ ಸುತ್ತಿನಲ್ಲಿ ಎತ್ತಿದ್ದು ಇಷ್ಟೇ ಇಷ್ಟು. ಮುಂದಿನ ಸಲ ಅದೂ ಇರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಬೇಲಿಯ ಹತ್ತಿರ ನಿಂತಿದ್ದ ನನ್ನ ಗಂಡನಿಗೆ ಕಂಡದ್ದೇ ಬೇರೆ. ನೇರ ದಾರಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ನನ್ನನ್ನು ಹಿಂದೆ ಹಾಕಿದ್ದರು. ಊರು ತಲುಪುವವರೆಗೂ ಇವರು ಮುಖ ಊದಿಸಿಕೊಂಡೇ ಇದ್ದರು.

"ಎಲ್ಲಾರೂ ದಾಟಿ ಹೋಗೋದು ನೋಡಾಕ ಆಗಲಿಲ್ಲ ನೋಡು. ಎಂಜಿನ್ ಸಾಲದು."

"ಎಂಜಿನ್ ಸಾಕ್ರಿ. ಒಳ್ಳೇ ಟೈರು, ಬ್ರೇಕ್ ಪ್ಯಾಡು ಹಾಕಿಸಿಕೊಡ್ರಿ."

"ಹೂಂ" ಎಂದರು. ಅವರ ಹೂಂ ನನಗೆ ಗೊತ್ತಿರಬೇಕಿತ್ತು.

ಮೌಲ್ಯಮಾಪನಕ್ಕೆಂದು ನಾನು ಊರು ಬಿಟ್ಟಿದ್ದಾಗ ಇವರು ಹಗಲೂ ರಾತ್ರಿ ದುಡಿದಿದ್ದಾರೆ. ಹಿಂತಿರುಗಿದ ದಿನ ದಾವಣಗೆರೆ ಎಸ್.ಎಸ್. ಬಡಾವಣೆಯ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ ಬಾನೆಟ್ ಎತ್ತಿ ತೋರಿಸಿದರು. ಒಳಗೆ ವಿಭೂತಿ, ಕುಂಕುಮ ಹಚ್ಚಿಕೊಂಡ ಎರಡು ಲೀಟರಿನ ಎಂಜಿನ್. ಅದೇ ಕಂಪನಿಯ ದೊಡ್ಡ ಕಾರಿನದು. ಅದನ್ನು ಕೂರಿಸಲು ಮೌಂಟುಗಳನ್ನು ತಾವೇ ಮಾಡಿದ್ದರು. ಬೆರಳಿಗೆ ಬ್ಯಾಂಡೇಜು. ಸಣ್ಣ ಎಂಜಿನ್ ಅದಕ್ಕೆ ಬದಲಾಗಿ ಗುಜರಿಯವನ ಪಾಲಾಗಿತ್ತು.

"ಹರಿಹರದಿಂದ ಹೆದ್ದಾರಿ ಹಿಡಿದು ಬಂದೀನಿ. ಏನ್ ಎಳಿತೈತೆ ಅಂತೀ!"

ಗಂಡ ಪ್ರೀತಿಯಿಂದ ತಂದ ಸೀರೆಯ ಬಣ್ಣ ಒಪ್ಪದಿದ್ದರೂ ಉಟ್ಟುಕೊಳ್ಳುತ್ತೇವಲ್ಲ, ಹಾಗೆ ನಕ್ಕೆ.

ಎರಡನೆಯ ಸಲ ನೇರ ದಾರಿಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಇವರು ಬೇಲಿ ಹಿಡಿದು ಕುಣಿಯುವುದು ಒಂದು ಕ್ಷಣ ಕಂಡಿತು. ಆಮೇಲೆ ಆ ಬಲ ತಿರುವು. ಮುಂಭಾರ ಹೆಚ್ಚಾಗಿದ್ದ ಕಾರು, ಸ್ಟೀರಿಂಗ್ ತಿರುಗಿಸಿದರೂ ಹೊರಕ್ಕೇ ಜಾರಿತು. ಕಾಲು ಎತ್ತಿದೆ. ಮುಂದಿನ ಸುತ್ತಿಗೂ ಎತ್ತಿದೆ. ಮಧ್ಯಾಹ್ನದ ಹೊತ್ತಿಗೆ ಮುಂದಿನ ಟೈರುಗಳು ಸವೆದು ಹೋಗಿದ್ದವು, ನನ್ನ ಆಸೆಯೂ ಸೋತಿತ್ತು.

"ಹೆಂಗೈತೆ?" ಎಂದು ಓಡಿ ಬಂದರು.

"ಭಾಳ ಚೆನ್ನಾಗೈತ್ರಿ."

ಅದಾದ ಮೇಲೆ ಕೊಯಮತ್ತೂರಿನ ಮಾತು ಬಂದಾಗಲೆಲ್ಲ ಪರೀಕ್ಷೆ, ಮದುವೆ, ಬೆನ್ನುನೋವು ಎಂದು ಏನಾದರೂ ನೆಪ ಹೇಳಿದೆ. ಹೀಗೇ ವರ್ಷಗಳು ಉರುಳಿದವು, ಇವರೂ ಒತ್ತಾಯ ಮಾಡಲಿಲ್ಲ. ಹೆಣ್ಣುಮಗಳು, ಹುಮ್ಮಸ್ಸು ಇಳಿದಿರಬೇಕು ಅಂದುಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ.

ಮೊನ್ನೆ ಭಾನುವಾರ ವರ್ಕ್‌ಶಾಪಿಗೆ ಬುತ್ತಿ ಕೊಂಡುಹೋಗಿದ್ದೆ. ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತದೆಯೇ ಹೇಳಿದರು:

"ಆ ತಿರುವಿನಾಗ ನೀನು ಕಾಲು ಎತ್ತೋದು ಬೇಲಿತಾವ ಕೇಳಿಸ್ತಿತ್ತು. ಸಣ್ಣ ಎಂಜಿನ್ನಾಗ ಅಷ್ಟು ಎತ್ತತಿರಲಿಲ್ಲ ನೀನು."

ನಾನು ಬುತ್ತಿಯ ಮುಚ್ಚಳ ಕೆಳಗಿಟ್ಟು ಅವರ ಕಡೆ ತಿರುಗಿದೆ.

"ಕೊಯಮತ್ತೂರಿಂದ ಬಂದ ಮಾರನೇ ದಿನಾನೇ ಅದನ್ನ ವಾಪಸ್ ತರಾಕ ಗುಜರಿಯವನ ಹತ್ರ ಹೋಗಿದ್ದೆ. ಬಿಚ್ಚಿ ಮಾರಿಬಿಟ್ಟಿದ್ದ. ನೀನು ಚೆನ್ನಾಗೈತೆ ಅಂದಿದ್ದೆಯಲ್ಲ, ನಾನೂ ಸುಮ್ಮನಾದೆ."

ಇಷ್ಟು ವರ್ಷ ಒಬ್ಬರ ಮನಸ್ಸು ನೋಯದಿರಲಿ ಎಂದು ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿದ್ದೆವು. ಈಗ ನನ್ನ ಮಂಡಿಯೂ ಮೊದಲಿನಂತಿಲ್ಲ, ಆ ಧೈರ್ಯವೂ ಇಲ್ಲ. ಕೋಪ ಮಾಡಿಕೊಳ್ಳೋಣವೆಂದರೆ ಯಾರ ಮೇಲೆ? ಇನ್ನೊಂದು ರೊಟ್ಟಿ ಹಾಕಿದೆ. ಬೇಡ ಎನ್ನದೆ ತಿಂದರು.

ಸಂಜೆ ಅದೇ ಕಾರಿನಲ್ಲಿ ಮನೆಗೆ ಹೊರಟೆವು. ನಾನೇ ಓಡಿಸುತ್ತಿದ್ದೆ. ಹೆದ್ದಾರಿಗೆ ಬಂದೊಡನೆ ದೊಡ್ಡ ಎಂಜಿನ್ ಮುಂದಿನ ಗಾಡಿಗಳನ್ನೆಲ್ಲ ಸಲೀಸಾಗಿ ಹಿಂದೆ ಹಾಕಿತು. ಪಕ್ಕದಲ್ಲಿದ್ದವರು ಹೆಂಗೈತೆ ಎಂದು ಕೇಳಲಿಲ್ಲ. ದಾವಣಗೆರೆ ಬರುವವರೆಗೂ ನಾನು ಕಾಲು ಎತ್ತಬೇಕಾಗಲಿಲ್ಲ.